ನಾಲ್ಕು ಜನ, ನಾಲ್ಕು ಸುತ್ತು, ಒಂದೇ ನಿಮಿಷ: ಇಷ್ಟು ಸಲೀಸಾದ ಸ್ಪೀಡ್‌ವೇನ ಯಾಕೆ ಇಷ್ಟೊಂದು ಗೋಜಲು ಮಾಡ್ತಾರೆ?

ನಾಲ್ಕುಸುತ್ತು, ರಾಜಾಜಿನಗರ:

ತುಂಬಾ ದಿನದಿಂದ ಹೊಟ್ಟೇಲಿ ಇಟ್ಕೊಂಡಿದ್ದೆ, ಇವತ್ತು ಬರೆದೇ ಬಿಡ್ತೀನಿ. 2025ರ ಸೀಸನ್‌ನಲ್ಲಿ ಒಂದು ಶನಿವಾರ ನಮ್ಮ ಭಾವ ಮನೇಗೆ ಬಂದಿದ್ರು, ಊಟ ಮುಗಿಯೋ ಹೊತ್ತಿಗೆ ಹತ್ತೂವರೆ, ಸ್ಪೀಡ್‌ವೇ ಗ್ರಾಂಡ್ ಪ್ರಿ, ಅಂದ್ರೆ ವಿಶ್ವ ಚಾಂಪಿಯನ್‌ಶಿಪ್ಪಿನ ಒಂದು ರೌಂಡು, ಶುರುವಾಗೋ ಟೈಮು, ಅಲ್ಲಿ ಯುರೋಪಲ್ಲಿ ಸಂಜೆ ಏಳು. ಅವ್ರಿಗೆ ಕ್ರಿಕೆಟ್ ಬಿಟ್ರೆ ಬೇರೆ ಆಟ ಗೊತ್ತಿಲ್ಲ. ನಾನು ಹೇಳಿದ್ದು ಇಷ್ಟೇ: 500 ಸಿಸಿ ಬೈಕು, ಬ್ರೇಕ್ ಇಲ್ಲ, ಗೇರ್ ಒಂದೇ, ಪೆಟ್ರೋಲ್ ಅಲ್ಲ ಮೆಥನಾಲ್, ನಾಲ್ಕು ಜನ ಮಣ್ಣಿನ ಟ್ರ್ಯಾಕಲ್ಲಿ ಎಡಕ್ಕೇ ತಿರುಗ್ತಾ ನಾಲ್ಕು ಸುತ್ತು ಹೊಡೀತಾರೆ, ಮೊದಲು ಬಂದವನಿಗೆ 3, ಆಮೇಲೆ 2, 1, ಕೊನೇವನಿಗೆ ಸೊನ್ನೆ, ಇಂಥ ಒಂದೊಂದು ಓಟಕ್ಕೂ ಹೀಟ್ ಅಂತಾರೆ. ಮೂರನೇ ಹೀಟ್ ಹೊತ್ತಿಗೆ ಭಾವ ಸೋಫಾ ತುದೀಗೆ ಬಂದು ಕೂತಿದ್ರು, ಐದನೇ ಹೀಟಿಗೆ ಟೀಪಾಯ್ ಮೇಲಿದ್ದ ಕರೆಂಟ್ ಬಿಲ್ ತಿರುಗಿಸಿ ಪೆನ್ ತಗೊಂಡು ಅವ್ರೇ ಪಾಯಿಂಟ್ ಬರ್ಕೊಳೋಕೆ ಶುರು ಮಾಡಿದ್ರು.

20 ಹೀಟ್ ಮುಗೀತು. ಹದಿನಾರು ಜನ, ಒಬ್ಬೊಬ್ಬರಿಗೆ ಐದು ಹೀಟು, ಪ್ರತಿಯೊಬ್ಬನೂ ಉಳಿದ 15 ಜನರನ್ನೂ ಒಂದೊಂದು ಸಲ ಎದುರಿಸಿರ್ತಾನೆ, ಇಷ್ಟು ಚೆಂದದ ಲೆಕ್ಕ ಬೇರೆ ಯಾವ ಆಟದಲ್ಲಿದೆ ಹೇಳಿ. ಭಾವ ಬಿಲ್ ನೋಡಿ 'ಇವನದ್ದೇ ಜಾಸ್ತಿ, ಇವನೇ ಗೆದ್ದ ಅಲ್ವಾ' ಅಂದ್ರು. ಇಲ್ಲ ಭಾವ, ಮೊದಲಿಬ್ಬರು ನೇರ ಫೈನಲ್‌ಗೆ, ಮೂರರಿಂದ ಹತ್ತನೇ ಸ್ಥಾನದವರೆಗೂ ಇರೋರಿಗೆ ಎರಡು ಲಾಸ್ಟ್ ಚಾನ್ಸ್ ರೇಸು, ಅದರಲ್ಲಿ ಗೆದ್ದ ಇಬ್ಬರೂ ಫೈನಲ್‌ಗೆ ಅಂದೆ. ಸರಿ ಅಂದ್ರು. ಹಂಗಾದ್ರೆ ನಾನು ಬರ್ಕೊಂಡಿರೋ ಈ ಪಾಯಿಂಟು ವರ್ಷದ ಲೆಕ್ಕಕ್ಕೆ ಸೇರುತ್ತಲ್ವಾ ಅಂದ್ರು. ಸೇರಲ್ಲ ಭಾವ, ಫೈನಲ್ ಆದ್ಮೇಲೆ ಯಾವ ಸ್ಥಾನ ಅನ್ನೋದಕ್ಕೆ ಬೇರೆ ಪಾಯಿಂಟು, ಗೆದ್ದವನಿಗೆ 20, ಆಮೇಲೆ 18, 16, 14 ಅಂತ ಇಳ್ಕೊಂಡು ಹೋಗುತ್ತೆ ಅಂದೆ. ಅಂದ್ರೆ ಐದಕ್ಕೈದೂ ಗೆದ್ದು 15 ತಗೊಂಡವನು ಫೈನಲ್‌ನಲ್ಲಿ ಒಂದೇ ಒಂದು ಸ್ಟಾರ್ಟ್ ಕೆಡಿಸ್ಕೊಂಡು ಕೊನೇಲಿ ಬಂದ್ರೆ ಅವನಿಗೆ 14, ಹತ್ತನೇ ಸ್ಥಾನದಿಂದ ತೂರ್ಕೊಂಡು ಬಂದು ಫೈನಲ್ ಗೆದ್ದವನಿಗೆ 20. ಭಾವ ಏನೂ ಅನ್ಲಿಲ್ಲ. ಪೆನ್ನಿಗೆ ಕ್ಯಾಪ್ ಹಾಕಿ ಬಿಲ್ ಮಡಚಿಟ್ರು. ಫೈನಲ್ ನಡೀವಾಗ ಫೋನ್ ನೋಡ್ತಿದ್ರು.

ನನಗೆ ಸಂಕಟ ಆಗಿದ್ದು ಅಲ್ಲೇ. 2019ರ ತನಕ ಎಷ್ಟೋ ವರ್ಷ ಹೀಟ್ ಪಾಯಿಂಟೇ ವರ್ಷದ ಪಾಯಿಂಟು. 2020ಕ್ಕೆ ಅದು ಹೋಯ್ತು. 2024ಕ್ಕೆ ಕ್ವಾಲಿಫೈಯಿಂಗ್ ಆದ್ಮೇಲೆ ಸ್ಪ್ರಿಂಟ್ ಅಂತ ಒಂದು ರೇಸ್ ಸೇರಿಸಿ ಅದಕ್ಕೂ ಪಾಯಿಂಟ್ ಇಟ್ರು. 2025ಕ್ಕೆ ಸೆಮಿಫೈನಲ್ ತೆಗೆದ್ರು. ಒಂದು ಪದ್ಧತಿ ನೋಡೋರಿಗೆ ಅಭ್ಯಾಸ ಆಗೋದ್ರೊಳಗೆ ಇನ್ನೊಂದು. ಹೊಸಬರನ್ನ ಟಿವಿ ಮುಂದೆ ಹಿಡಿದು ಕೂರಿಸೋಕೆ ಅಂತ ಮಾಡ್ತಾರಂತೆ, ನಾನು ಕೂರಿಸಿದ ಒಬ್ಬ ಹೊಸಬ ಎದ್ದು ಹೋಗಿದ್ದು ಇದೇ ಕಾರಣಕ್ಕೆ. ನಿಮ್ಮ ಅನುಭವ ಏನು?

ರೋಡ್‌ಕಿಂಗ್, ವಿಜಯನಗರ:

ಗುರುಗಳೇ ನಿಮ್ಮ ಮಾತು ಅರ್ಧ ಒಪ್ತೀನಿ. ನಮ್ಮಪ್ಪ ಮೈಸೂರು ಯಾದವಗಿರಿಯ ಐಡಿಯಲ್ ಜಾವಾ ಫ್ಯಾಕ್ಟರೀಲಿ ಕೆಲಸದಲ್ಲಿದ್ರು, 1996ರಲ್ಲಿ ಬಾಗಿಲು ಮುಚ್ಚೋ ತನಕ. ನನಗೆ ಸ್ಪೀಡ್‌ವೇ ಹುಚ್ಚು ಹತ್ತಿದ್ದೇ ಜಾವಾ ದೆಸೆಯಿಂದ, ಚೆಕ್ ದೇಶದ ಜಾವಾದವರು ಡಿವಿಶೋವ್ ಅನ್ನೋ ಊರಲ್ಲಿ ಸ್ಪೀಡ್‌ವೇ ಬೈಕ್ ಮಾಡ್ತಾರೆ ಅಂತ ಅಪ್ಪ ಹೇಳ್ತಿದ್ರು, ನಮ್ಮ ಮನೆ ಮುಂದೆ ನಿಂತಿರೋ ಗಾಡಿಯ ಹೆಸರೇ ಆ ಟ್ಯಾಂಕ್ ಮೇಲೂ ಇರುತ್ತೆ ಅನ್ನೋದು ಚಿಕ್ಕ ಹುಡುಗನಿಗೆ ದೊಡ್ಡ ವಿಷಯ.

ಆದ್ರೆ ಬದಲಾವಣೆ ಎಲ್ಲಾ ಕೆಟ್ಟದ್ದು ಅನ್ಬೇಡಿ. 1936ರಲ್ಲಿ ವೆಂಬ್ಲಿಯಿಂದ ಶುರುವಾಗಿ 1994ರ ತನಕ ಒಂದೇ ರಾತ್ರೀಲಿ ವರ್ಲ್ಡ್ ಫೈನಲ್ ನಡೀತಿತ್ತು. ಆ ರಾತ್ರಿ ಇಂಜಿನ್ ಹಿಡ್ಕೊಂಡ್ರೆ, ಮಳೆ ಬಂದು ಟ್ರ್ಯಾಕ್ ಕೆಸರಾದ್ರೆ, ಇಡೀ ವರ್ಷದ ದುಡಿಮೆ ನೀರುಪಾಲು. 1995ರಲ್ಲಿ ಸರಣಿ ಮಾಡಿ ಗ್ರಾಂಡ್ ಪ್ರಿ ತಂದಿದ್ದು ಸರಿಯಾದ ಕೆಲಸ, ಆ ವರ್ಷ ಹಾನ್ಸ್ ನೀಲ್ಸನ್ ಗೆದ್ದ, ವರ್ಷವಿಡೀ ಚೆನ್ನಾಗಿ ಓಡಿಸಿದವನೇ ಗೆದ್ದ. ನನ್ನ ತಕರಾರು ಇರೋದು ಅಳತೆಕೋಲನ್ನ ಪದೇ ಪದೇ ಬದಲಾಯಿಸೋದರ ಬಗ್ಗೆ. ಐವನ್ ಮಾಗರ್ 6 ಸಲ ಚಾಂಪಿಯನ್, ಟೋನಿ ರಿಕಾರ್ಡ್‌ಸನ್ 6 ಸಲ, ಈಗ ಬಾರ್ಟೋಶ್ ಝ್ಮಾರ್ಝ್ಲಿಕ್ 2025ಕ್ಕೆ 6 ಮಾಡ್ಕೊಂಡ. ಮೂವರೂ ಒಂದೇ ಮೆಟ್ಟಿಲ ಮೇಲೆ. ಯಾರು ದೊಡ್ಡವರು ಅಂತ ಟೀ ಅಂಗಡೀಲಿ ಜಗಳ ಆಡೋಕಾದ್ರೂ ಒಂದು ಸಮಾನ ಲೆಕ್ಕ ಬೇಡ್ವಾ?

ನಾಲ್ಕುಸುತ್ತು:

ಸರಿ ಅಣ್ಣ, ಸರಣಿ ಬೇಕು ಅನ್ನೋದು ನಾನೂ ಒಪ್ತೀನಿ. 2025ರಲ್ಲಿ ಬ್ರೇಡಿ ಕರ್ಟ್ಜ್ ಸಾಲಾಗಿ ಐದು ರೌಂಡ್ ಗೆದ್ದು ಕೊನೇಗೆ ಝ್ಮಾರ್ಝ್ಲಿಕ್ ಎದುರು ಒಂದೇ ಒಂದು ಪಾಯಿಂಟಲ್ಲಿ ಕಿರೀಟ ಕಳ್ಕೊಂಡ. ಅವತ್ತು ನನಗೆ ಎದೆ ಡವಡವ ಅಂತಿತ್ತು, ಸುಳ್ಳು ಹೇಳಲ್ಲ. ಆದ್ರೆ ಅದು ಆ ಇಬ್ಬರ ತಾಕತ್ತು, ಅದಕ್ಕೆ ರೂಲ್ ಬರೆದವರು ಶಹಬ್ಬಾಸ್ ತಗೋಬಾರದು.

ಕರೆಬದಿ, ಮೂಲ ಕಾರ್ಕಳ, ಈಗ ಯಲಹಂಕ:

ಮಾರಾಯ್ರೆ, ಪಾಯಿಂಟಿನ ಲೆಕ್ಕ ಹೇಗೂ ಕಲಿಬಹುದು. ನನ್ನ ಬೇಜಾರು ಸ್ಟಾರ್ಟಿನದ್ದು. ಕಂಬಳ ನೋಡಿ ಬೆಳೆದವ ನಾನು, 2023ರ ನವೆಂಬರಲ್ಲಿ ಅರಮನೆ ಮೈದಾನಕ್ಕೆ ಕಂಬಳ ಬಂದಾಗ ಆಫೀಸಿನವರನ್ನೆಲ್ಲ ಕರ್ಕೊಂಡು ಹೋಗಿದ್ದೆ. ಅವರಿಗೆಲ್ಲ ಓಟ ನೋಡಿ ಮೈ ಜುಮ್ ಅಂತು, ಆದ್ರೆ ಓಟ ಶುರುವಾಗುವ ಜಾಗ, ಗಂತಿನಲ್ಲಿ ಕೋಣ ನಿಲ್ಲಿಸುವುದಕ್ಕೆ ಹಿಡಿಯುವ ಹೊತ್ತು ನೋಡಿ 'ಇನ್ನೂ ಬಿಡ್ಲಿಲ್ವಾ' ಅಂತ ಕೇಳುತ್ತಿದ್ರು. ಒಂದು ಜೋಡಿ ಸರಿ ನಿಂತ್ರೆ ಇನ್ನೊಂದು ಜೋಡಿ ತಿರುಗುತ್ತೆ. ನಮ್ಮಲ್ಲಿ ಕೋಣ ಅಂತ ಒಂದು ಸಮಾಧಾನ ಉಂಟು, ಅದಕ್ಕೆ ರೂಲ್ ಹೇಳಿಕೊಡ್ಲಿಕ್ಕೆ ಆಗುವುದಿಲ್ಲ.

ಸ್ಪೀಡ್‌ವೇಯಲ್ಲಿ ಮನುಷ್ಯರು. ಎರಡು ನಿಮಿಷದ ಗಡಿಯಾರ ಉಂಟು, ಬಝರ್ ಉಂಟು. ಆದ್ರೂ ಒಬ್ಬ ಬೂಟಿನಲ್ಲಿ ಮಣ್ಣು ಗೀರಿ ಗೀರಿ ಹಳ್ಳ ಮಾಡ್ತಾನೆ, ಇನ್ನೊಬ್ಬ ಹಿಂದೆ ಹೋಗಿ ಮತ್ತೆ ಬರ್ತಾನೆ, ಸ್ಟಾರ್ಟಿಂಗ್ ಗೇಟಿನ ಟೇಪ್ ಮೇಲೆ ಏಳುವ ಮೊದಲೇ ಕ್ಲಚ್ಚಲ್ಲಿ ಸ್ವಲ್ಪ ಸ್ವಲ್ಪ ಮುಂದೆ ಜಾರ್ತಾನೆ, ರೆಫ್ರಿ ನಿಲ್ಲಿಸ್ತಾರೆ, ವಾರ್ನಿಂಗ್, ಮತ್ತೆ ಮೊದಲಿಂದ. ಅದಕ್ಕಿಂತ ದೊಡ್ಡ ಬೇಜಾರು, ಒಬ್ಬ ರೆಫ್ರಿ ನಿಲ್ಲಿಸುವ ಸ್ಟಾರ್ಟನ್ನ ಮುಂದಿನ ವಾರ ಇನ್ನೊಬ್ಬ ರೆಫ್ರಿ ಬಿಡ್ತಾರೆ. ಚಿಕ್ಕ ಟ್ರ್ಯಾಕಲ್ಲಿ ಮೊದಲ ತಿರುವಿಗೆ ಯಾರು ಮೊದಲು ಹೋದ್ರೋ ಅವರದ್ದೇ ಅರ್ಧ ರೇಸು, ಹಾಗಿರುವಾಗ ಸ್ಟಾರ್ಟ್ ನೋಡುವ ಕಣ್ಣು ಎಲ್ಲ ಕಡೆ ಒಂದೇ ಆಗಿರ್ಬೇಕಲ್ಲ.

ಪೀಣ್ಯ ಲೇತ್:

ಕರೆಬದಿ ಅವರ ಮಾತು ನೂರಕ್ಕೆ ನೂರು. ಸ್ಟಾರ್ಟ್ ಅಂದಾಗ ನೆನಪಾಯ್ತು, 2015ರ ಏಪ್ರಿಲ್, ವಾರ್ಸಾದ ನ್ಯಾಷನಲ್ ಸ್ಟೇಡಿಯಂ. ಪೋಲೆಂಡಿನ ಟೋಮಾಶ್ ಗೋಲೋಬ್‌ಗೆ ಗ್ರಾಂಡ್ ಪ್ರಿ ವಿದಾಯ ಅಂತ ಐವತ್ತು ಸಾವಿರಕ್ಕೂ ಜಾಸ್ತಿ ಜನ ಬಂದಿದ್ರು. ಹೊರಗಿಂದ ಮಣ್ಣು ತಂದು ಹಾಕಿದ ಟ್ರ್ಯಾಕು ಕಿತ್ಕೊಂಡು ಹೋಯ್ತು, ಸ್ಟಾರ್ಟಿಂಗ್ ಗೇಟ್ ಕೈ ಕೊಡ್ತು, 12 ಹೀಟಿಗೆ ನಿಲ್ಲಿಸಿ ರಿಸಲ್ಟ್ ಘೋಷಿಸಿದ್ರು. ಜಗತ್ತಿನಲ್ಲಿ ಈ ಆಟನ ಜಾಸ್ತಿ ಪ್ರೀತಿಸೋ ದೇಶ, ಅವ್ರ ಭಾಷೇಲಿ ಇದಕ್ಕೆ ಝೂಝೆಲ್ ಅಂತ ಬೇರೆ ಹೆಸರೇ ಇದೆ, ಅಂಥ ಜನರ ಮುಂದೆ ಗೇಟ್ ಏಳಲಿಲ್ಲ.

ನಾನು ಲೇತ್ ಮೇಲೆ ನಿಲ್ಲೋ ಮನುಷ್ಯ, ಮೆಷಿನ್ ಕೆಡುತ್ತೆ ಅಂತ ನನಗೆ ಗೊತ್ತು. ಆದ್ರೆ ಕೆಡುತ್ತೆ ಅಂತ ಗೊತ್ತಿರೋದ್ರಿಂದಲೇ ಪಕ್ಕದಲ್ಲಿ ಇನ್ನೊಂದು ಇಟ್ಕೊಂಡಿರ್ತೀವಿ, ಹಿಂದಿನ ದಿನ ನೂರು ಸಲ ಓಡಿಸಿ ನೋಡಿರ್ತೀವಿ. ಅಷ್ಟೇ ಕೇಳ್ತಿರೋದು.

ಆನ್‌ಸೈಟ್ ಅಕ್ಕ, ಜಯನಗರ:

ನೀವೆಲ್ಲ ಗ್ರಾಂಡ್ ಪ್ರಿ ಬಗ್ಗೆ ಮಾತಾಡ್ತಿದ್ದೀರ, ನಾನು ಕೆಳಗಿನ ಕಥೆ ಹೇಳ್ತೀನಿ. ಪ್ರಾಜೆಕ್ಟ್ ಮೇಲೆ ಎರಡು ವರ್ಷ ಇಂಗ್ಲೆಂಡಲ್ಲಿದ್ದೆ. ಆಫೀಸಲ್ಲಿ ಒಬ್ಬರು ವಯಸ್ಸಾದ ಸಹೋದ್ಯೋಗಿ ಲೀಗ್ ಮ್ಯಾಚಿಗೆ ಕರ್ಕೊಂಡು ಹೋದ್ರು. ಬೇಲಿ ಹತ್ರ ನಿಂತಿದ್ದೆ, ಎರಡನೇ ತಿರುವು, ನಾಲ್ಕು ಬೈಕು ಅಡ್ಡಡ್ಡ ಜಾರ್ಕೊಂಡು ಬಂದಾಗ ಎದ್ದ ಮಣ್ಣು ನನ್ನ ಕೈಲಿದ್ದ ಚಿಪ್ಸ್ ಮೇಲೆ, ಕೂದಲಲ್ಲಿ, ಬಾಯಲ್ಲೂ. ಆ ಎಣ್ಣೆ ವಾಸನೆ ಮೂರು ದಿನ ಜಾಕೆಟ್‌ನಿಂದ ಹೋಗ್ಲಿಲ್ಲ, ನಾನು ಒಗೆಯೋಕೂ ಹೋಗ್ಲಿಲ್ಲ. ಅಲ್ಲಿ ಎಲ್ಲರ ಕೈಲೂ ಒಂದು ಪುಸ್ತಕ, ಪ್ರೋಗ್ರಾಂ ಅಂತಾರೆ, ಅದರಲ್ಲಿ 15 ಹೀಟಿಗೂ ಖಾಲಿ ಚೌಕ, ಕೆಂಪು ನೀಲಿ ಹೆಲ್ಮೆಟ್ ನಮ್ಮವರು, ಬಿಳಿ ಹಳದಿ ಎದುರಿನವರು. ಹೀಟ್ ಮುಗಿದ ತಕ್ಷಣ ಅಜ್ಜಿ, ಮೊಮ್ಮಗ ಎಲ್ಲರೂ ತಲೆ ಬಗ್ಗಿಸಿ ಪೆನ್ನಲ್ಲಿ ಬರೀತಾರೆ. ನಾಲ್ಕುಸುತ್ತು ಅವರ ಭಾವ ಕರೆಂಟ್ ಬಿಲ್ ಹಿಂದೆ ಮಾಡಿದ್ದು ಇದನ್ನೇ, ಯಾರೂ ಹೇಳಿಕೊಡದೆ. ಓದಿ ಕಣ್ಣು ತುಂಬಿ ಬಂತು ನನಗೆ.

ಈಗ ಅಂಥ ಜಾಗಗಳ ಗತಿ ನೋಡಿ. ಕವೆಂಟ್ರಿಯ ಬ್ರಾಂಡನ್ ಸ್ಟೇಡಿಯಂನಲ್ಲಿ 2016ರಲ್ಲಿ ರೇಸ್ ನಿಂತೋಯ್ತು. ಸ್ವಿಂಡನ್‌ನಲ್ಲಿ 2019 ಕೊನೆ ಸೀಸನ್. ವುಲ್ವರ್‌ಹ್ಯಾಂಪ್ಟನ್, ಪೀಟರ್‌ಬರೋ ಎರಡೂ 2023ರಲ್ಲಿ. ಕಾರಣ ಬಹುತೇಕ ಒಂದೇ ಥರ, ಕ್ಲಬ್‌ಗೆ ಸ್ವಂತ ನೆಲ ಇಲ್ಲ. ನೆಲ ನಾಯಿ ರೇಸಿನವರದ್ದೋ, ಮನೆ ಕಟ್ಟೋರದ್ದೋ ಇರುತ್ತೆ, ಇವರು ಬಾಡಿಗೆದಾರರು. ಮಾಲೀಕ ಖಾಲಿ ಮಾಡಿ ಅಂದ ದಿನ ಎಷ್ಟೋ ದಶಕದ ಇತಿಹಾಸ ರಸ್ತೆಗೆ ಬೀಳುತ್ತೆ. ಬೆಂಗಳೂರಲ್ಲಿ ಬಾಡಿಗೆ ಮನೇಲಿ ಇದ್ದವರಿಗೆ ಇದನ್ನ ಬಿಡಿಸಿ ಹೇಳ್ಬೇಕಾಗಿಲ್ಲ. ನನ್ನ ಕೋಪ ಏನಂದ್ರೆ ದುಡ್ಡು ಬರ್ತಿದ್ದ ಕಾಲದಲ್ಲಿ ನೆಲ ಮಾಡ್ಕೋಬೇಕು ಅನ್ನೋ ಯೋಚನೆ ಲೀಗ್ ನಡೆಸೋರಿಗೆ ಯಾಕೆ ಬರ್ಲಿಲ್ಲ ಅಂತ.

ಇನ್ನು ಗೆಸ್ಟ್ ರೈಡರ್. ನಮ್ಮ ಟೀಮಿನವನಿಗೆ ಗಾಯ ಆದ್ರೆ ಬೇರೆ ಕ್ಲಬ್ಬಿನವನನ್ನ ಒಂದು ರಾತ್ರಿಗೆ ಕರೆಸ್ತಾರೆ. ಹೋದ ವಾರ ನಮ್ಮನ್ನ ಸೋಲಿಸಿದವನು ಈ ವಾರ ನಮ್ಮ ಬಣ್ಣ ಹಾಕಿರ್ತಾನೆ, ಮುಂದಿನ ವಾರ ಮತ್ತೆ ನಮ್ಮ ವಿರುದ್ಧ. ರಣಜಿಯಲ್ಲಿ ಕರ್ನಾಟಕದ ಓಪನರ್‌ಗೆ ಕೈ ಮುರೀತು ಅಂತ ತಮಿಳುನಾಡಿನವರನ್ನ ಒಂದು ಮ್ಯಾಚಿಗೆ ಕರ್ಕೊಂಡು ಬಂದ್ರೆ ಚಿನ್ನಸ್ವಾಮಿಯಲ್ಲಿ ಯಾರಾದ್ರೂ ಕೂಗ್ತಾರಾ?

ಪೀಣ್ಯ ಲೇತ್:

ಅಕ್ಕ, ಗೆಸ್ಟ್ ಇಲ್ದಿದ್ರೆ ಮ್ಯಾಚೇ ನಡೆಯಲ್ಲ. ವಾರದಲ್ಲಿ ಒಬ್ಬ ರೈಡರ್ ಪೋಲೆಂಡಲ್ಲಿ ಒಂದು ದಿನ, ಸ್ವೀಡನ್ನಲ್ಲಿ ಒಂದು ದಿನ, ಡೆನ್ಮಾರ್ಕಲ್ಲಿ ಇನ್ನೊಂದು ದಿನ ಓಡಿಸ್ತಾನೆ. ಮೆಕ್ಯಾನಿಕ್‌ಗಳು ವ್ಯಾನಲ್ಲೇ ಮಲಗ್ತಾರೆ. ಯಾಕಂದ್ರೆ ಪಾಯಿಂಟಿಗೆ ಇಷ್ಟು ಅಂತ ದುಡ್ಡು, ಓಡಿಸಿದ್ರೆ ಉಂಟು ಇಲ್ಲಾಂದ್ರೆ ಇಲ್ಲ. ಬೈಕೂ ಅವನದ್ದೇ, ಇಂಜಿನ್ ಟ್ಯೂನಿಂಗ್ ಖರ್ಚೂ ಅವನದ್ದೇ. ದೊಡ್ಡ ರೈಡರ್‌ಗಳೆಲ್ಲ ಹೋಗೋದು ಅದೇ ನಾಲ್ಕೈದು ಟ್ಯೂನರ್‌ಗಳ ಹತ್ರ. ನಾನು ಹೇಳೋದಾದ್ರೆ ಲೀಗಿಗೆ ಒಂದು ಸ್ಟ್ಯಾಂಡರ್ಡ್ ಇಂಜಿನ್, ಸೀಲ್ ಮಾಡಿ ಕೊಡಿ. 17 ವರ್ಷದ ಹುಡುಗ ಅಪ್ಪನ ಮನೆ ಅಡ ಇಡದೇ ಓಡಿಸೋ ಹಂಗಾಗ್ಲಿ.

ರೂಲ್‌ಬುಕ್, ಬನಶಂಕರಿ:

ಎಲ್ಲರೂ ಒಂದೇ ಕಡೆ ವಾಲ್ತಿದ್ದೀರ, ನಾನು ಸ್ವಲ್ಪ ಎದುರು ಮಾತಾಡ್ತೀನಿ, ಬೇಜಾರ್ ಮಾಡ್ಕೋಬೇಡಿ. 2022ರಲ್ಲಿ ಡಿಸ್ಕವರಿಯವರು ಗ್ರಾಂಡ್ ಪ್ರಿ ನಡೆಸೋಕೆ ಶುರು ಮಾಡಿದ್ರು. ಚಿಕ್ಕ ಮಕ್ಕಳ ಗ್ರಾಂಡ್ ಪ್ರಿ ಅಂತ ಎಸ್‌ಜಿಪಿ3, ಅದಕ್ಕೂ ಕೆಳಗೆ ಎಸ್‌ಜಿಪಿ4 ಬಂದಿದೆ. ಐದು ವರ್ಷ ನಿಂತಿದ್ದ ಟೀಮ್ ವರ್ಲ್ಡ್ ಕಪ್ 2023ರಲ್ಲಿ ವ್ರೊಟ್ಸ್ವಾಫ್‌ನಲ್ಲಿ ವಾಪಸ್ ಬಂತು. ಇದನ್ನೂ ಲೆಕ್ಕಕ್ಕೆ ಹಿಡೀಬೇಕು.

ಎಲ್ಲರೂ ಬೈಯೋ 2023ರ ವೋಯೆನ್ಸ್ ಪ್ರಕರಣ ತಗೊಳ್ಳಿ. ಝ್ಮಾರ್ಝ್ಲಿಕ್ ಕ್ವಾಲಿಫೈಯಿಂಗ್‌ಗೆ ಒಪ್ಪಿಗೆ ಇದ್ದ ರೇಸ್ ಸೂಟ್ ಬಿಟ್ಟು ಬೇರೆ ಹಾಕ್ಕೊಂಡು ಬಂದ, ಆ ಡೆನ್ಮಾರ್ಕ್ ರೌಂಡಿಂದಲೇ ಹೊರಗೆ ಹಾಕಿದ್ರು. ರೂಲ್ ಬರೆದಿತ್ತು, ಅವನು ತಪ್ಪಿದ. ಚಾಂಪಿಯನ್ ಅಂತ ಬಿಟ್ಟಿದ್ರೆ ನಾಳೆ ಹೆಸರಿಲ್ಲದ ಒಬ್ಬ ವೈಲ್ಡ್ ಕಾರ್ಡ್ ಹುಡುಗನಿಗೆ ಅದೇ ಶಿಕ್ಷೆ ಕೊಡೋಕೆ ಯಾವ ಮುಖ ಇರುತ್ತೆ?

ನಾಲ್ಕುಸುತ್ತು:

ಸಾರ್, ಎಸ್‌ಜಿಪಿ4 ಒಳ್ಳೇದು, ಮನಸಾರೆ ಒಪ್ತೀನಿ. ಆದ್ರೆ ವೋಯೆನ್ಸ್ ಒಪ್ಪಲ್ಲ. ತಪ್ಪು ಮಾಡಿದ, ದಂಡ ಹಾಕಿ, ಕ್ವಾಲಿಫೈಯಿಂಗ್ ಟೈಮ್ ರದ್ದು ಮಾಡಿ, ಗೇಟ್ ಆಯ್ಕೆಯಲ್ಲಿ, ಅಂದ್ರೆ ಸ್ಟಾರ್ಟಿಗೆ ಜಾಗ ಆರಿಸೋದ್ರಲ್ಲಿ, ಕೊನೇಗೆ ಹಾಕಿ. ಆ ಸೂಟಿಂದ ಅವನ ಬೈಕು ಜೋರಾಗಿ ಓಡ್ಲಿಲ್ಲ, ಯಾರಿಗೂ ಅಪಾಯ ಆಗ್ಲಿಲ್ಲ. ಅವತ್ತು ರಾತ್ರಿ ಆ ಊರಿಗೆ ದುಡ್ಡು ಕೊಟ್ಟು ರೈಲು, ಬಸ್ಸು, ಕಾರಲ್ಲಿ ಬಂದ ಜನ ಏನು ತಪ್ಪು ಮಾಡಿದ್ರು? ವರ್ಷದ ಕಿರೀಟಕ್ಕೆ ಹೊಡೆದಾಡ್ತಿದ್ದವನನ್ನ ಅವರಿಗೆ ತೋರಿಸದೇ ಕಳಿಸಿದ್ರಿ. ಶಿಕ್ಷೆ ರೈಡರ್‌ಗೆ ಆಗ್ಲಿ, ನೋಡೋಕೆ ಬಂದವರಿಗೆ ಯಾಕೆ?

ರೋಡ್‌ಕಿಂಗ್:

ನೋಡೋಕೆ ಬಂದವರ ಮಾತು ಬಂತಲ್ಲ, 2016ರ ಮಾರ್ಚ್ ನೆನಪಿಸ್ತೀನಿ. ಮ್ಯಾಂಚೆಸ್ಟರ್‌ನಲ್ಲಿ ಬೆಲ್ ವ್ಯೂ ಕ್ಲಬ್‌ಗೆ ಹೊಸ ನ್ಯಾಷನಲ್ ಸ್ಪೀಡ್‌ವೇ ಸ್ಟೇಡಿಯಂ, ಎಷ್ಟೋ ವರ್ಷದ ಕನಸು. ಉದ್ಘಾಟನೆ ರಾತ್ರಿ ಜನ ಒಳಗೆ ಬಂದಾಗಿದೆ, ಟ್ರ್ಯಾಕ್ ಸುರಕ್ಷಿತ ಇಲ್ಲ ಅಂತ ರೇಸ್ ನಿಲ್ಲಿಸಿದ್ರು. ರೈಡರ್‌ಗಳು ಓಡಿಸಲ್ಲ ಅಂದಿದ್ದು ಸರಿ, ಬ್ರೇಕ್ ಇಲ್ಲದ ಗಾಡಿ, ಗುಂಡಿಗೆ ಬಿದ್ರೆ ಬದುಕೇ ಹೋಗುತ್ತೆ. ಡಾರ್ಸಿ ವಾರ್ಡ್ 2015ರ ಆಗಸ್ಟಲ್ಲಿ ಝಿಯೆಲೋನಾ ಗೂರಾದಲ್ಲಿ ಬಿದ್ದು ಸೊಂಟದ ಕೆಳಗೆ ಸ್ವಾಧೀನ ಕಳ್ಕೊಂಡ, ಅಂಥ ಕೈ ಇದ್ದ ಹುಡುಗ. ಆಮೇಲೂ ಟ್ರ್ಯಾಕ್ ಕಡೆ ಗಮನ ಕೊಡದೇ ಬಣ್ಣದ ಲೈಟು, ಪಟಾಕಿಗೆ ಖರ್ಚು ಮಾಡಿದ್ರೆ ನನಗೆ ತಡ್ಕೊಳೋಕಾಗಲ್ಲ. ಮೊದಲು ಮಣ್ಣು, ಆಮೇಲೆ ಗಾಳಿ ತುಂಬಿದ ಬೇಲಿ, ಏರ್ ಫೆನ್ಸು, ಉಳಿದಿದ್ದೆಲ್ಲ ಆಮೇಲೆ.

ಕರೆಬದಿ:

ಕರೆ, ಅಂದ್ರೆ ಕಂಬಳದ ಓಟದ ಗದ್ದೆ, ಮಾಡುವವರಿಗೆ ನಮ್ಮಲ್ಲಿ ಇರುವ ಮರ್ಯಾದೆ ಅಲ್ಲಿ ಟ್ರ್ಯಾಕ್ ಮಾಡುವವರಿಗೂ ಸಿಗ್ಬೇಕು. ನೀರು ಎಷ್ಟು, ಮಣ್ಣು ಎಷ್ಟು ಹದ, ಅದು ಪುಸ್ತಕದಿಂದ ಬರುವ ವಿದ್ಯೆ ಅಲ್ಲ. ನಾಲ್ಕು ಹೀಟಿಗೊಮ್ಮೆ ಟ್ರ್ಯಾಕ್ಟರ್ ಬಂದು ಮಣ್ಣು ಎಳೆಯುತ್ತದಲ್ಲ, ಟಿವಿಯವರು ಆಗ ಜಾಹೀರಾತಿಗೆ ಹೋಗ್ತಾರೆ. ನಾನು ಅದನ್ನೇ ನೋಡ್ಲಿಕ್ಕೆ ಕಾಯ್ತಿರ್ತೇನೆ. ಹೊರಗಡೆ ಎಷ್ಟು ಮಣ್ಣು ಬಿಟ್ಟಿದ್ದಾರೆ ಅನ್ನುವುದರ ಮೇಲೆ ಮುಂದಿನ ಹೀಟಿನಲ್ಲಿ ಓವರ್‌ಟೇಕ್ ಆಗ್ತದಾ ಇಲ್ವಾ ಅಂತ ಹೇಳಬಹುದು.

ಪೀಣ್ಯ ಲೇತ್:

ಇನ್ನೊಂದು ಬಾಕಿ ಇದೆ. ಆರ್ತೆಮ್ ಲಗುತಾ. 2021ರ ಚಾಂಪಿಯನ್. 2022ರ ಮಾರ್ಚಲ್ಲಿ ರಷ್ಯನ್ ರೈಡರ್‌ಗಳನ್ನ ಬೈಕ್ ರೇಸಿನ ಅಂತಾರಾಷ್ಟ್ರೀಯ ಸಂಸ್ಥೆ ಎಫ್‌ಐಎಂ ನಿಲ್ಲಿಸಿತು, ಗೆದ್ದ ಕಿರೀಟ ಕಾಪಾಡ್ಕೊಳೋ ಅವಕಾಶವೇ ಸಿಗ್ಲಿಲ್ಲ. ಯುದ್ಧದ ವಿಷಯ ದೊಡ್ಡದು, ಉಕ್ರೇನಿನ ಜನರ ನೋವಿನ ಮುಂದೆ ಬೈಕ್ ರೇಸ್ ಏನೂ ಅಲ್ಲ, ಆ ಬಗ್ಗೆ ನನಗೆ ಗೊಂದಲ ಇಲ್ಲ. ನನಗೆ ಅರ್ಥ ಆಗದೇ ಇರೋದು, ಪೋಲಿಷ್ ಲೈಸೆನ್ಸಲ್ಲಿ ಅದೇ ಮನುಷ್ಯ ಅದೇ ಪೋಲಿಷ್ ಲೀಗಲ್ಲಿ ಆಮೇಲೆ ಓಡಿಸಬಹುದಿತ್ತು, ಗ್ರಾಂಡ್ ಪ್ರಿಯಲ್ಲಿ ಆಗ್ತಿರಲಿಲ್ಲ ಅನ್ನೋದು. ಆ ಎರಡು ಬಾಗಿಲಿಗೆ ಎರಡು ಬೀಗ ಯಾಕೆ ಅಂತ ಅಭಿಮಾನಿಗೆ ಅರ್ಥ ಆಗೋ ಹಾಗೆ ಬಿಡಿಸಿ ಹೇಳ್ಬೇಕಿತ್ತು.

ರೂಲ್‌ಬುಕ್:

ಇದರಲ್ಲಿ ನಿಮ್ಮ ಜೊತೆ ನಾನೂ ಇದ್ದೀನಿ. ವೈಲ್ಡ್ ಕಾರ್ಡ್ ವಿಷಯವೂ ಹಂಗೇ, ಹಿಂದಿನ ವರ್ಷದ ಪಟ್ಟೀಲಿ ಸ್ಥಾನ ಗೆದ್ದು ಬಂದವರು ಕೆಲವರು, ಚಾಲೆಂಜ್ ಅನ್ನೋ ಅರ್ಹತಾ ರೌಂಡಿಂದ ಬಂದವರು ಕೆಲವರು, ಉಳಿದವರನ್ನ ಕಮಿಟಿ ಆರಿಸುತ್ತೆ. ಆರಿಸ್ಲಿ, ಯಾಕೆ ಆರಿಸಿದ್ರಿ ಅಂತ ಒಬ್ಬೊಬ್ಬರ ಹೆಸರಿನ ಮುಂದೆ ನಾಲ್ಕು ಸಾಲು ಬರೆದು ಹಾಕಿದ್ರೆ ಅರ್ಧ ಜಗಳ ನಿಲ್ಲುತ್ತೆ.

ಹೊಸಬ, ಕೆಂಗೇರಿ:

ನಮಸ್ಕಾರ ಎಲ್ರಿಗೂ, ಒಂದು ಪ್ರಶ್ನೆ. ಸ್ಪೀಡ್‌ವೇ ಅಂದ್ರೆ ಕೊಯಮತ್ತೂರಿನ ಕರಿ ಮೋಟರ್ ಸ್ಪೀಡ್‌ವೇ ಅಲ್ವಾ? ಇಲ್ಲಿ ಬೆಂಗಳೂರಲ್ಲಿ ಇಂಥದ್ದು ನೋಡೋಕೆ ಸಿಗುತ್ತಾ?

ರೋಡ್‌ಕಿಂಗ್:

ಸ್ವಾಗತ ತಮ್ಮಾ. ಕೊಯಮತ್ತೂರಿನದ್ದು ಹೆಸರು ಮಾತ್ರ, ಅದು ಡಾಂಬರ್ ಟ್ರ್ಯಾಕು. ಇದು ಮಣ್ಣಿನ ಅಂಡಾಕಾರದ ಟ್ರ್ಯಾಕು, ಎಡಗಾಲಿನ ಬೂಟಿಗೆ ಉಕ್ಕಿನ ತಗಡು ಕಟ್ಕೊಂಡು ಅದನ್ನ ನೆಲಕ್ಕೆ ಊರಿ ಬೈಕನ್ನ ಬೇಕು ಅಂತಲೇ ಜಾರಿಸ್ತಾರೆ. ಹ್ಯಾಂಡಲ್ ಬಲಕ್ಕೆ, ಬೈಕ್ ಹೋಗೋದು ಎಡಕ್ಕೆ. ನಮ್ಮ ಕಡೆ 2024ರ ಫೆಬ್ರವರೀಲಿ ಚಿಕ್ಕಜಾಲದಲ್ಲಿ ಸೂಪರ್‌ಕ್ರಾಸ್ ಲೀಗಿನ ಫೈನಲ್ ಆಗಿತ್ತು, ಅದು ಗುಡ್ಡ ಹಾರಿಸೋ ಆಟ, ಬೇರೆ. ಸ್ಲೈಡ್ ಕಲಿಯೋ ಆಸೆ ಇದ್ರೆ ಕೋಲಾರದ ಕಡೆ ಸಿ.ಎಸ್. ಸಂತೋಷ್ ಅವರ ಡರ್ಟ್ ಪಾರ್ಕ್ ಇದೆ, ಡಾಕರ್ ರ‍್ಯಾಲಿಗೆ ಹೋಗಿ ಬಂದ ನಮ್ಮ ಬೆಂಗಳೂರಿನವರೇ.

ನಾಲ್ಕುಸುತ್ತು:

ನಾನು ಒಂದು ಸಲ ಮಣ್ಣಲ್ಲಿ ಸ್ಲೈಡ್ ಕಲಿಯೋಕೆ ಹೋಗಿದ್ದೆ. ಹಿಂದಿನ ಚಕ್ರ ಜಾರಿದಾಗ ಎಲ್ಲರೂ ಮಾಡೋ ತಪ್ಪೇ ಮಾಡಿದೆ, ಆಕ್ಸಿಲರೇಟರ್ ಬಿಟ್ಟೆ, ತಕ್ಷಣ ಚಕ್ರ ಹಿಡ್ಕೊಂಡು ನನ್ನ ಎತ್ತಿ ಬಿಸಾಕ್ತು. ಬಿಡಬಾರದು, ಕೊಡ್ಬೇಕು. ಮಧ್ಯಾಹ್ನದ ಹೊತ್ತಿಗೆ ಒಂದೇ ಒಂದು ತಿರುವು ಸರಿಯಾಗಿ ಬಂತು, ಎಡಗಾಲು ನೆಲದ ಮೇಲೆ ಸರ್ರ್ ಅಂತ ಜಾರ್ತಿತ್ತು, ಹಲ್ಲೆಲ್ಲ ಮಣ್ಣು, ಕಿವೀಲಿ ಇಂಜಿನ್ ಸದ್ದು ಬಿಟ್ರೆ ಏನಿಲ್ಲ. ಅವತ್ತಿಂದ ಟಿವೀಲಿ ಒಬ್ಬೊಬ್ಬ ಕೊನೇ ಸ್ಥಾನಕ್ಕೆ ಬರೋನನ್ನ ನೋಡಿದ್ರೂ ಕೈ ಮುಗಿಯೋ ಹಂಗಾಗುತ್ತೆ. ಇಂಥ ಮನುಷ್ಯರನ್ನ ಇಟ್ಕೊಂಡು ಆಟ ನಡೆಸೋರು ಇನ್ನೂ ಚೆನ್ನಾಗಿ ನಡೆಸಬೇಕು ಅಂತ ಇಷ್ಟೆಲ್ಲ ಬರೆದಿದ್ದು.

ಆನ್‌ಸೈಟ್ ಅಕ್ಕ:

ನಾಲ್ಕುಸುತ್ತು, ನಿಮ್ಮ ಭಾವನಿಗೆ ಒಂದು ಮಾತು ಹೇಳಿ. ಆ ಪ್ರೋಗ್ರಾಂ ಪುಸ್ತಕ ನನ್ನ ಹತ್ರ ಇನ್ನೂ ಇದೆ, ಅದೇ ಥರ 20 ಹೀಟಿನ ಖಾಲಿ ಚೌಕದ ಹಾಳೆ ಕನ್ನಡದಲ್ಲಿ ಮಾಡಿದ್ದೀನಿ, ಹೆಲ್ಮೆಟ್ ಬಣ್ಣ, ಗೇಟ್ ನಂಬರ್ ಸಮೇತ. ಫೈನಲ್‌ಗೆ ಯಾರು ಹೋಗ್ತಾರೆ ಅನ್ನೋದನ್ನ ಕೆಳಗೆ ಎರಡೇ ಸಾಲಲ್ಲಿ ಬರೆದಿದ್ದೀನಿ. ಮುಂದಿನ ರೌಂಡಿಗೆ ನಮ್ಮ ಮನೇಲಿ ಸೇರೋಣ, ಜಯನಗರ ನಾಲ್ಕನೇ ಬ್ಲಾಕ್, ಹತ್ತು ಗಂಟೆಗೇ ಬನ್ನಿ, ಮೊಸರನ್ನ ಇರುತ್ತೆ. ಜೆರಾಕ್ಸ್ ಎಂಟು ಕಾಪಿ ಸಾಕಾ?

ನಾಲ್ಕುಸುತ್ತು:

ಒಂಬತ್ತು ಮಾಡ್ಸಿ ಅಕ್ಕ. ಪೆನ್ ಅವ್ರೇ ತರ್ತಾರಂತೆ.